ಹಿಡಿತ ಬರುವ ಹೊತ್ತು

ತರಿಗಟ್ಟಿಯಲ್ಲಿ ನೀರು ವಾರಕ್ಕೊಮ್ಮೆ ಬರುತ್ತಿತ್ತು, ಕರೆಂಟು ಮನಸ್ಸಾದಾಗ ಬರುತ್ತಿತ್ತು, ಹಿಡಿತ ಮಾತ್ರ ದಿನಾ ಬೆಳಿಗ್ಗೆ ಆರಕ್ಕೆ ತಪ್ಪದೆ ಬರುತ್ತಿತ್ತು. ಏಳಕ್ಕೆ ಅಷ್ಟೇ ನಿಯತ್ತಿನಿಂದ ಹೋಗುತ್ತಿತ್ತು. ಆ ಒಂದು ತಾಸಿನಲ್ಲಿ ಊರು ಕಟ್ಟುವ ಗಂಟನ್ನೆಲ್ಲ ಕಟ್ಟಿ, ಉಜ್ಜುವ ಪಾತ್ರೆಯನ್ನೆಲ್ಲ ಉಜ್ಜಿ, ಹತ್ತುವ ಏಣಿಯನ್ನೆಲ್ಲ ಹತ್ತಿ ಇಳಿದು ಮುಗಿಸಬೇಕಿತ್ತು.

ಹಿಡಿತ ಬಂತೆಂದು ಗೊತ್ತಾಗುತ್ತಿದ್ದದ್ದು ಬಸಲಿಂಗವ್ವನ ಕಡ್ಡಿಪೆಟ್ಟಿಗೆಯಿಂದ. ಇಳಿಜಾರಿನ ಬಜಾರ ರಸ್ತೆಯ ಕೆಳತುದಿಯಲ್ಲಿ ಆಕೆಯ ಮನೆ. ಮನೆಯ ಪಡಸಾಲೆಯೇ ಆಕೆಯ ರೊಟ್ಟಿ ಕೇಂದ್ರ. ಆರು ಹೊಡೆಯುವ ಮೊದಲೇ ಒಲೆಯ ಮುಂದೆ ಕೂತು ಆಕೆ ಕಡ್ಡಿ ಗೀರಲು ಶುರು ಮಾಡುವಳು. ಹಿಡಿತ ಇಲ್ಲದ ಹೊತ್ತಿನಲ್ಲಿ ಕಡ್ಡಿಯು ಪೆಟ್ಟಿಗೆಯ ಮೇಲೆ ಬೆಣ್ಣೆಯಲ್ಲಿ ಚಮಚ ಆಡಿದಂತೆ ಜಾರುತ್ತದೆ. ಉಜ್ಜಿದರಲ್ಲವೇ ಬಿಸಿ, ಬಿಸಿಯಾದರಲ್ಲವೇ ಬೆಂಕಿ. ಗೀರಿ ಗೀರಿ ಕಡೆಗೊಮ್ಮೆ ಚರ್ ಎಂದು ಹತ್ತಿತೋ, ಬಾಗಿಲ ಕಡೆ ಮುಖ ಮಾಡಿ, "ಬಂತವ್ವಾ" ಎನ್ನುವಳು. ಆ ಮಾತನ್ನು ಪಕ್ಕದ ಮನೆಯವರು ಅದರಾಚೆಯ ಮನೆಗೆ ದಾಟಿಸುವರು. ಹೀಗೆ ಹಿಡಿತ ಬಂದ ಸುದ್ದಿ ರಸ್ತೆಯ ಮೇಲ್ತುದಿಯ ಜಿನ್ನಿಂಗ್ ಮಿಲ್ಲಿನವರೆಗೆ ಹತ್ತಿಕೊಂಡು ಹೋಗುತ್ತಿತ್ತು.

ಹಿಡಿತ ಎಂದರೆ ಪಠ್ಯಪುಸ್ತಕದ ಘರ್ಷಣೆ. ಯಾವ ವಸ್ತುವನ್ನೇ ತೆಗೆದುಕೊಳ್ಳಿ, ಎಷ್ಟೇ ನುಣುಪಾಗಿರಲಿ, ತೀರ ಹತ್ತಿರದಿಂದ ನೋಡಿದರೆ ಅದರ ಮೈ ನಮ್ಮ ಜಿಲ್ಲಾ ರಸ್ತೆಯ ಹಾಗೆ ತಗ್ಗುದಿನ್ನೆಯೇ. ಎರಡು ಮೈಗಳು ಒಂದರ ಮೇಲೊಂದು ಕೂತಾಗ ದಿನ್ನೆಗಳ ತುದಿಗಳು ಒಂದಕ್ಕೊಂದು ತಗುಲಿ ಅಂಟಿಕೊಳ್ಳುತ್ತವೆ. ಅವನ್ನು ಬಿಡಿಸಿ ಜರುಗಿಸಲು ಬಲ ಬೇಕು. ಈ ತಡೆಗೆ ಘರ್ಷಣೆ ಎಂದು ಹೆಸರು. ಊರ ನಡುವೆ ಎದ್ದಿದ್ದ ಗೋಪುರದ ಕೆಲಸ ಇಷ್ಟೇ: ಅದು ಹೊರಡಿಸುವ ಕಂಪನದಿಂದ ಆ ತುದಿಗಳು ಅಂಟಿಕೊಳ್ಳಲು ಪುರಸೊತ್ತೇ ಸಿಗದಂತೆ ಮಾಡುವುದು. ಆಗ ಊರಿನ ಹಿಡಿತವೆಲ್ಲ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತಿತ್ತು.

ಇಳಿಸುವುದಕ್ಕೆ ಕಾರಣವಿತ್ತು. ಯಂತ್ರಗಳು ತಿನ್ನುವ ಇಂಧನದಲ್ಲಿ ಎಷ್ಟೋ ಪಾಲು ಬರೀ ತಿಕ್ಕಾಟಕ್ಕೆ ಹೋಗುತ್ತದೆ, ಚಕ್ರ ಸವೆಯುತ್ತದೆ, ಬೇರಿಂಗು ಬಿಸಿಯಾಗುತ್ತದೆ. ಇದನ್ನು ನೋಡಿ ಮರುಗಿದ ಸರ್ಕಾರ 'ಘರ್ಷಣೆ ನಿಯಂತ್ರಣ ಮಂಡಳಿ' ಎಂಬುದನ್ನು ಸ್ಥಾಪಿಸಿ, ಪ್ರಯೋಗಕ್ಕೆ ತರಿಗಟ್ಟಿಯನ್ನು ಆರಿಸಿತು. ಕಚೇರಿಯ ಬೋರ್ಡು ಓದಿದ ಜನ ಮೊದಲ ವಾರವೆಲ್ಲ ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ ಹೊತ್ತು ತಂದು ಅಲ್ಲಿ ಸಾಲು ನಿಂತರು. ಅವರನ್ನು ತಿರುಗಿಸಿ ಕಳಿಸುವುದರಲ್ಲಿ ಕಾವಲುಗಾರನ ಘರ್ಷಣೆ ಹೆಚ್ಚಾಯಿತು.

ಊರು ಹೊಂದಿಕೊಂಡಿತು. ಹೊಂದಿಕೊಳ್ಳುವುದು ಊರಿಗೆ ಹೊಸದಲ್ಲ. ಮಿಲ್ಲಿನಿಂದ ಒತ್ತಿ ಕಟ್ಟಿದ ಹತ್ತಿ ಅಂಡಿಗೆಗಳನ್ನು ಮರದ ಜಾರುಬಂಡಿಯಲ್ಲಿಟ್ಟು ನೂಕಿದರೆ, ಅವು ತಮ್ಮಷ್ಟಕ್ಕೆ ಬಜಾರದ ನಡುವೆ ಜಾರಿ, ಕೆಳಗಿನ ರೈಲ್ವೆ ಗೂಡ್ಸ್ ಶೆಡ್ಡಿನ ಒಡ್ಡಿಗೆ ತಾಗಿ ನಿಲ್ಲುತ್ತಿದ್ದವು. ಹೋಟೆಲಿನ ಗಲ್ಲೆಯಲ್ಲಿ ಕೂತವನು ಚಹಾದ ಕಪ್ಪನ್ನು ಬೆರಳಿನಿಂದ ಮುಟ್ಟಿದರೆ ಅದು ಆ ತುದಿಯ ಗಿರಾಕಿಯನ್ನು ತಾನೇ ಹುಡುಕಿಕೊಂಡು ಹೋಗುತ್ತಿತ್ತು. ಓಣಿಗಳಲ್ಲಿ ನಡೆಯಲು ನೆಲಕ್ಕೆ ಅಡ್ಡಪಟ್ಟಿ ಬಡಿದಿದ್ದರು. ಏಣಿಯನ್ನು ನೆಲಕ್ಕೆ ಮಲಗಿಸಿದ ಹಾಗೆ. ಪಟ್ಟಿಗೆ ಪಾದ ಒತ್ತಿ ನೂಕಿದರೆ ಮುಂದೆ ಹೋಗಬಹುದು, ಅದಕ್ಕೆ ಹಿಡಿತ ಬೇಡ. ಸೈಕಲ್ಲಿನ ಬ್ರೇಕು ಹಿಡಿಯದ ಕಾರಣ ಪ್ರತಿ ಓಣಿಯ ಕೊನೆಗೆ ಒಂದು ಮೇವಿನ ಬಣವೆ ಇತ್ತು. ಸವಾರರು ಅದಕ್ಕೆ ಗುದ್ದಿ ನಿಲ್ಲುತ್ತಿದ್ದರು. ಧೋತರದವರು ಒಂದೋ ಪ್ಯಾಂಟಿಗೆ ಬಂದರು, ಇಲ್ಲವೇ ಮನೆಯಲ್ಲೇ ಉಳಿದರು. ಸೀರೆಯ ನೆರಿಗೆಗೆ ಪಿನ್ನು ಖಾಯಮ್ಮಾಯಿತು. ಭಾರ ಹೆಚ್ಚಾದರೆ ಹಿಡಿತ ಹೆಚ್ಚೆಂದು ಎಲ್ಲೋ ಕೇಳಿಸಿಕೊಂಡ ಕೆಲವರು ಸೊಂಟಕ್ಕೆ ಕಲ್ಲು ಕಟ್ಟಿ ನಡೆದು ನೋಡಿದರು. ಹಿಡಿತ ಹೆಚ್ಚಾದದ್ದು ನಿಜ, ಆದರೆ ನಿಲ್ಲಿಸಬೇಕಾದ ಭಾರವೂ ಅಷ್ಟೇ ಹೆಚ್ಚಾಗಿತ್ತು. ಮೊದಲಿನಷ್ಟೇ ದೂರ ಜಾರಿದರು, ಬಿದ್ದಾಗ ಕಲ್ಲಿನ ಪೆಟ್ಟು ಮೇಲಿಂದ. ಊರಿನ ಮುಖಂಡರು ಪಕ್ಷದಿಂದ ಪಕ್ಷಕ್ಕೆ ಜಾರುವುದು ಗೋಪುರಕ್ಕಿಂತ ಹಳೆಯ ಸಂಗತಿಯಾದ್ದರಿಂದ ಅದನ್ನು ಯಾರೂ ಗಮನಿಸಲಿಲ್ಲ. ಕಚೇರಿಯ ಕಡತಗಳು ಮಾತ್ರ ಎಂದಿನಂತೆ ಕೂತಲ್ಲೇ ಕೂತಿದ್ದವು. ಅವನ್ನು ಹಿಡಿದಿದ್ದದ್ದು ಘರ್ಷಣೆಯಲ್ಲ ಎಂಬುದಾದರೂ ಇದರಿಂದ ಸಾಬೀತಾಯಿತು.

ಬಸಲಿಂಗವ್ವನ ಮಗ ಚನ್ನವೀರ ಊರಿನ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಎಂಟನೇ ತರಗತಿಗೆ ಘರ್ಷಣೆಯ ಪಾಠ ಮಾಡಲು ಹೋದರೆ ಸೀಮೆಸುಣ್ಣ ಹಲಗೆಯ ಮೇಲೆ ಗೆರೆ ಮೂಡಿಸದೆ ಓಡುತ್ತಿತ್ತು. ಘರ್ಷಣೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಪರೀಕ್ಷೆಯಲ್ಲಿ ಕೇಳಿದಾಗ ಅರ್ಧ ತರಗತಿ, ನಮ್ಮ ಊರು ಆಗುತ್ತಿತ್ತು ಎಂದು ಬರೆದಿತ್ತು. ಅವನು ಪೂರ್ತಿ ಅಂಕ ಕೊಟ್ಟ.

ಅವನ ಹೆಂಡತಿ ನೀಲಗಂಗಾ ಗೋಪುರದ ನಿಯಂತ್ರಣ ಕೊಠಡಿಯ ಕಿರಿಯ ಎಂಜಿನಿಯರು. ದಿನಾ ಆರಕ್ಕೆ ಊರಿಗೆ ಹಿಡಿತ ಬಿಡುವವಳು, ಏಳಕ್ಕೆ ಕಸಿಯುವವಳು ಅವಳೇ. ತೊಂದರೆ ಹುಟ್ಟಿದ್ದು ಇಲ್ಲಿ.

ಜೋಳದ ರೊಟ್ಟಿ ಬಡಿಯುವುದೆಂದರೆ ಹಿಡಿತದ ಹದ. ಕೆಳಗೆ ಉದುರಿಸಿದ ಒಣಹಿಟ್ಟಿನ ಮೇಲೆ ರೊಟ್ಟಿ ಗರಗರ ತಿರುಗಬೇಕು, ಅಲ್ಲಿ ಹಿಡಿತ ಕಡಿಮೆ ಇರಬೇಕು. ಮೇಲೆ ಅಂಗೈಗೆ ಸಿಗಬೇಕು, ಅಲ್ಲಿ ಹಿಡಿತ ಇರಲೇಬೇಕು. ಗೋಪುರಕ್ಕೆ ಮೇಲು ಕೆಳಗು ಗೊತ್ತಿಲ್ಲ. ಏಳು ಹೊಡೆದು ಹಿಡಿತ ಹೋದದ್ದೇ, ರೊಟ್ಟಿ ಬಡಿಯುವ ಮರದ ಕೊಣಮಿಗೆಯಲ್ಲಿದ್ದ ರೊಟ್ಟಿ ಬಸಲಿಂಗವ್ವನ ಅಂಗೈಯ ಕೆಳಗಿಂದ ಜಾರಿ ಎದುರಿನ ಗೋಡೆಗೆ ಹೋಗಿ ಬಡಿಯುತ್ತಿತ್ತು. ಖಾನಾವಳಿಗಳಿಗೆ ಕೊಡುವಷ್ಟು ರೊಟ್ಟಿ ಒಂದು ತಾಸಿನಲ್ಲಿ ಆಗುವುದಿಲ್ಲ. ದಿನಾ ಎಂಟು ಹತ್ತು ರೊಟ್ಟಿಯ ಹಿಟ್ಟು ಮುದ್ದೆಯಾಗಿಯೇ ಉಳಿಯುತ್ತಿತ್ತು.

ಆದ್ದರಿಂದ ಸೊಸೆ ಪಾಳಿಗೆ ಹೊರಟಾಗಲೆಲ್ಲ ಅತ್ತೆ ಅರ್ಜಿ ಹಾಕುವಳು.

"ಇನ್ನ ಎಂಟ್ ರೊಟ್ಟಿ ಉಳಿತಾವು ನೀಲಾ. ಇವತ್ತರೆ ಒಂದೀಟ ತಡದು ಬಂದ್ ಮಾಡು."

"ಅದು ನನ್ನ ಕೈಯಾಗಿಲ್ರಿ ಅತ್ತಿ."

"ಗುಂಡಿ ಒತ್ತಾಕಿ ನೀನು. ಮತ್ಯಾರ ಕೈಯಾಗೈತಿ?"

ಮುಖ್ಯ ಎಂಜಿನಿಯರು ಖುದ್ದು ಸೂಚನೆ ಕೊಡದೆ ಹೊತ್ತು ಮೀರಿ ಹಿಡಿತ ಬಿಡುವಂತಿಲ್ಲ ಎಂದು ನೀಲಗಂಗಾ ವಿವರಿಸುವಳು. ಹಿಡಿತ ಬಿಟ್ಟ ಹೊತ್ತಿನಲ್ಲಿ ಬಂಡಿಯೊಂದು ಜಾರುತ್ತಿದ್ದರೆ ಅದರ ಓಟವೆಲ್ಲ ಒಮ್ಮೆಲೇ ಬಿಸಿಯಾಗಿ ಬದಲಾಗುತ್ತದೆ, ಬಂಡಿಯಲ್ಲಿರುವುದು ಹತ್ತಿ, ಹತ್ತಿಗೂ ಬಿಸಿಗೂ ಎಷ್ಟು ಪ್ರೀತಿ ಎಂಬುದು ನಿಮಗೇ ಗೊತ್ತು ಎಂದೂ ಹೇಳುವಳು. ಬಸಲಿಂಗವ್ವ ಎಲ್ಲವನ್ನೂ ಕೇಳಿ, ಬ್ಯಾರೆ ಮನಿ ಸೊಸೇರು ಅತ್ತಿ ಕೈ ಹಿಡಿತಾರು, ನಮ್ಮಾಕಿ ಕೈ ಹಿಡಿತಾನಽ ಕಸ್ಕೊಂಡ್ಲು ಎಂದು ಓಣಿಗೆಲ್ಲ ಕೇಳುವಂತೆ ಒಲೆಗೆ ಹೇಳುವಳು.

ನೀಲಗಂಗಾ ಪಾಳಿಗೆ ಹೊರಡುವಳು. ನಿಯಂತ್ರಣ ಕೊಠಡಿಯಲ್ಲಿ ಕೂತು ಪರದೆಯ ಮೇಲೆ ಬಜಾರ ನೋಡುವಳು. ಏಳರ ಗಂಟೆಗೆ ಬೆರಳು ಗುಂಡಿಯ ಮೇಲಿಟ್ಟಾಗ ಕೆಳತುದಿಯ ಪಡಸಾಲೆ ಅವಳ ಕಣ್ಣಿಗೆ ಬೀಳುತ್ತಿತ್ತು. ಆದರೂ ಒತ್ತುವಳು. ಒಮ್ಮೆ ಅತ್ತೆಗೆ ಬಿಟ್ಟರೆ ನಾಳೆ ಕ್ಷೌರದವನಿಗೆ, ನಾಡಿದ್ದು ದರ್ಜಿಗೆ ಬಿಡಬೇಕು. ಕಡೆಗೆ ಊರಿನಲ್ಲಿ ಹಿಡಿತದ ಮೇಲೆ ಹಿಡಿತವೇ ಇರುವುದಿಲ್ಲ.

ಹೀಗಿರುವಾಗ ಮುಖ್ಯ ಎಂಜಿನಿಯರ್ ಉಳ್ಳಾಗಡ್ಡಿ ಸಾಹೇಬರು ದೊಡ್ಡ ಪ್ರದರ್ಶನವೊಂದನ್ನು ಗೊತ್ತು ಮಾಡಿದರು. ರಾಜಧಾನಿಯಿಂದ ಬರುವ ಅತಿಥಿಗಳ ಎದುರು ಅವರು ಒಂದೇ ಬೆರಳಿನಿಂದ ಹತ್ತಿ ತುಂಬಿದ ಬಂಡಿಯನ್ನು ನೂಕುವರು, ಅದು ಬಜಾರ ಇಳಿದು ಒಡ್ಡಿಗೆ ತಾಗಿ ನಿಲ್ಲುವುದು, ಅತಿಥಿಗಳು ಚಪ್ಪಾಳೆ ತಟ್ಟುವರು. ಚಪ್ಪಾಳೆ ಬಿದ್ದರೆ ಪ್ರಯೋಗ ಖಾಯಂ. ಖಾಯಂ ಎಂದರೆ ಹಗಲೂ ರಾತ್ರಿ ಗೋಪುರ ನಡೆಯುವುದು. ಬೆಳಗಿನ ಒಂದು ತಾಸೂ ರದ್ದು.

ನೀಲಗಂಗಾ ಈ ಸುದ್ದಿಯನ್ನು ಮನೆಯಲ್ಲಿ ಹೇಳಲಿಲ್ಲ. ಹೇಳದಿದ್ದರೂ ಬಸಲಿಂಗವ್ವನಿಗೆ ಖಾನಾವಳಿಯವರಿಂದ ತಿಳಿಯಿತು. ಆ ದಿನ ಆಕೆ ಒಲೆಗೆ ಏನೂ ಹೇಳಲಿಲ್ಲ. ಕೊಣಮಿಗೆಯನ್ನು ತೊಳೆದು ಗೋಡೆಗೆ ಒರಗಿಸಿ, ತಾನು ಈ ಮನೆಗೆ ಬಂದಾಗಿನಿಂದ ಕೈ ಬಿಟ್ಟದ್ದು ಇದೊಂದನ್ನೇ ಎಂದು ಮಗನಿಗೆ ಹೇಳಿದಳು. ಬೈಗುಳ ಬಾರದ್ದು ಕಂಡು ನೀಲಗಂಗಾ ಅಂದು ಊಟ ಬಿಟ್ಟು ಎದ್ದಳು.

ಪ್ರದರ್ಶನಕ್ಕಾಗಿ ಬಜಾರ ರಸ್ತೆಯ ಎರಡೂ ಅಂಚಿನ ಅಡ್ಡಪಟ್ಟಿಗಳನ್ನು ಕಿತ್ತು ಹೊಳೆಯುವ ಗ್ರಾನೈಟು ಹಾಸಿದರು. ಊರಿನವರಿಗೆ ಆತಂಕ ಶುರುವಾಯಿತು. ಅತಿಥಿಗಳು ಹಿಡಿತವಿಲ್ಲದ ಊರಿನಲ್ಲಿ ನಡೆದು ಗೊತ್ತಿಲ್ಲದವರು. ಬಿದ್ದರೆ ಊರಿನ ಮಾನ ಹೋಗುತ್ತದೆ. ಇದಕ್ಕೆ ತರಿಗಟ್ಟಿಯ ಪ್ರತಿ ಮನೆಯಲ್ಲೂ ಒಂದೊಂದು ಉಪಾಯ ತುಂಬಿಟ್ಟಿತ್ತು.

ವಾರಕ್ಕೊಮ್ಮೆ ನೀರು ಬರುವ ಊರಿನವರಿಗೆ ಬಂದದ್ದನ್ನು ತುಂಬಿಡುವುದು ಉಸಿರಾಟದಷ್ಟೇ ಸಹಜ. ಹಿಡಿತವೂ ಹೊತ್ತಿಗೆ ಸರಿಯಾಗಿ ಬರತೊಡಗಿದಾಗ ಅದನ್ನೂ ತುಂಬಿಡಲು ಹೊರಟರು. ಹಿಡಿತವನ್ನು ಕೊಡದಲ್ಲಿ ತುಂಬಲಾಗದು; ಮರಳನ್ನು ತುಂಬಬಹುದು. ಕೊಡ, ಹಂಡೆ, ಬ್ಯಾರಲ್ಲು, ಒಡೆದ ತೊಟ್ಟಿಲು ಎಲ್ಲದರಲ್ಲೂ ಹಳ್ಳದ ಮರಳು. ಮಣ್ಣಿನ ಓಣಿಗಳಲ್ಲಿ ಇದು ಕೆಲಸಕ್ಕೂ ಬರುತ್ತಿತ್ತು. ತುಳಿದಾಗ ಹರಳು ಮಣ್ಣಿಗೆ ಇಳಿದು ಕಾಲಿಗೆ ಆಸರೆ ಕೊಡುತ್ತಿತ್ತು. ಅದೇ ಮರಳನ್ನು ಗ್ರಾನೈಟಿನ ಮೇಲೆ ಉದುರಿಸಿದರೆ ಹರಳಿಗೆ ಇಳಿಯಲು ಜಾಗವಿಲ್ಲ. ಅದು ಕಾಲಿನಡಿ ಉರುಳುತ್ತದೆ. ಉಜ್ಜುವುದಕ್ಕಿಂತ ಉರುಳುವುದು ಸಲೀಸು ಎಂದು ಚನ್ನವೀರ ಪುಸ್ತಕದಡಿ ಪೆನ್ಸಿಲು ಇಟ್ಟು ತೋರಿಸಿದ್ದು ಎಂಟನೇ ತರಗತಿಗೆ. ಊರಿನ ಹಿರಿಯರು ಎಂಟನೇ ತರಗತಿ ಬಿಟ್ಟು ಬಹಳ ಕಾಲವಾಗಿತ್ತು.

ಆ ದಿನ ಬೆಳಿಗ್ಗೆ ಹಿಡಿತದ ತಾಸಿನಲ್ಲಿ ಜನ ಪ್ರೀತಿಯಿಂದ, ಕೈ ಬಿಚ್ಚಿ, ಬಜಾರದ ಉದ್ದಕ್ಕೂ ಮರಳು ಉದುರಿಸಿದರು. ಅತಿಥಿಗಳ ಊಟದ ಪೆಂಡಾಲು ಕೆಳತುದಿಯಲ್ಲಿ, ಒಡ್ಡಿನ ಪಕ್ಕ. ಹಿಡಿತದ ತಾಸಿನಲ್ಲೇ ಊರಿನ ಕೊನೆಯ ರೊಟ್ಟಿಗಳನ್ನು ಬಡಿದು ತರಲು ಬಸಲಿಂಗವ್ವನನ್ನೇ ಕರೆದಿದ್ದರು. ಆಕೆ ಬುಟ್ಟಿ ಹಿಡಿದು ಪೆಂಡಾಲಿನ ಕಂಬಕ್ಕೆ ಒರಗಿ ನಿಂತಳು. ಗ್ರಾನೈಟು ಅಲ್ಲಿಯವರೆಗೂ ಬಂದಿತ್ತು. ಏಳು ಹೊಡೆದು ಹಿಡಿತ ಹೋದ ಮೇಲೆ, ಪಟ್ಟಿ ಇಲ್ಲದ ನೆಲದಲ್ಲಿ ಆಕೆಯ ವಯಸ್ಸಿನವರು ಕಂಬ ಬಿಟ್ಟು ಎತ್ತಲೂ ಸರಿಯುವಂತಿರಲಿಲ್ಲ.

ನೀಲಗಂಗಾ ಪರದೆಯ ಮುಂದಿದ್ದಳು. ಉಳ್ಳಾಗಡ್ಡಿ ಸಾಹೇಬರು ಬಂಡಿಯ ಹಿಂದೆ ನಿಂತು, ಅತಿಥಿಗಳ ಕಡೆ ನಕ್ಕು, ತೋರುಬೆರಳು ಚಾಚಿದರು. ಅದು ಎಂದಿನ ಬಂಡಿಗಿಂತ ದೊಡ್ಡದು. ಚಪ್ಪಾಳೆಗೆಂದು ಎರಡು ಪಟ್ಟು ಅಂಡಿಗೆ ಪೇರಿಸಿದ್ದರು. ಬೆರಳು ತಾಗಿತು. ಬಂಡಿ ಮುಂದೆ ಹೊರಟಿತು. ಬಂಡಿಯನ್ನು ನೂಕಿದವರನ್ನು ಬಂಡಿಯೂ ಹಿಂದಕ್ಕೆ ನೂಕುತ್ತದೆ, ಕಾಲಿಗೆ ಹಿಡಿತವಿದ್ದಾಗ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಸಾಹೇಬರ ಗಮನಕ್ಕೆ ಬಂತು. ಹಿಂದೆ ವಾಲಿದ ಅವರು ಹೆಜ್ಜೆ ಊರಿದ್ದು ಮರಳಿನ ಮೇಲೆ. ಕೂತರು. ಕೂತವರು ಹಾಗೆಯೇ ಬಂಡಿಯನ್ನು ಹಿಂಬಾಲಿಸಿದರು. ಅವರ ಫೋನು ಕೈಯಿಂದ ಚಿಮ್ಮಿ ಅವರಿಗಿಂತ ಮುಂದೆ ಹೋಯಿತು. ಸ್ವಾಗತಕ್ಕೆ ನಿಂತವರು, ಹಾರ ಹಿಡಿದವರು, ಅತಿಥಿಗಳು ಒಬ್ಬರನ್ನೊಬ್ಬರು ಹಿಡಿದುಕೊಳ್ಳಲು ಹೋಗಿ ಒಟ್ಟಾಗಿ ಹೊರಟರು.

ಬಂಡಿಯ ವೇಗ ನೋಡಿ ನೀಲಗಂಗಾಳಿಗೆ ತಿಳಿಯಿತು, ಒಡ್ಡು ಇದನ್ನು ತಡೆಯುವುದಿಲ್ಲ. ಒಡ್ಡಿನ ಪಕ್ಕದ ಪೆಂಡಾಲಿನಲ್ಲಿ ಅತ್ತೆ ಬುಟ್ಟಿಯನ್ನು ಎದೆಗೊತ್ತಿ, ಕಂಬ ಹಿಡಿದು, ಬರುತ್ತಿದ್ದುದನ್ನು ನೋಡುತ್ತಿದ್ದಳು. ಆದೇಶ ಕೇಳೋಣವೆಂದರೆ ಸಾಹೇಬರ ಫೋನು ಚರಂಡಿ ಸೇರಿತ್ತು. ಮೆಲ್ಲಗೆ ಹಿಡಿತ ಏರಿಸಿದರೆ ಹತ್ತಿ ಉಳಿಯುತ್ತದೆ, ಅದಕ್ಕೆ ಬೇಕಾದಷ್ಟು ರಸ್ತೆ ಉಳಿದಿಲ್ಲ. ಒಮ್ಮೆಲೇ ಬಿಟ್ಟರೆ ರಸ್ತೆ ಸಾಕು, ಹತ್ತಿ ಹೋಗುತ್ತದೆ, ಹತ್ತಿಯ ಜೊತೆ ಕೆಲಸವೂ.

ಗುಂಡಿ ಒತ್ತಿದಳು, ಪೂರ್ತಿ. ಅದೇ ಹೊತ್ತಿಗೆ ಪರದೆಯಲ್ಲಿ ಸಾಹೇಬರು ಯಾವುದೋ ಅಂಗಡಿಯ ತೋರಣ ಹಿಡಿಯಲು ಕೈ ಎತ್ತಿದರು. ಒತ್ತಿದ್ದು ಮೊದಲೋ ಎತ್ತಿದ್ದು ಮೊದಲೋ ಎಂಬುದು ಅವಳೊಬ್ಬಳಿಗೇ ಗೊತ್ತು.

ಬಂಡಿಯ ಭಾರಕ್ಕೆ ಅದರಡಿಯ ಮರಳು ಪುಡಿಯಾಗಿ ಕಲ್ಲಿಗೂ ಮರಕ್ಕೂ ಕಚ್ಚಿಕೊಂಡಿತು. ಕಿವಿ ಮುಚ್ಚಿಕೊಳ್ಳುವಂಥ ಕೀರಲು ಸದ್ದು. ಬಂಡಿ ಒಡ್ಡನ್ನು ಒಡೆದು, ಪೆಂಡಾಲಿನ ಹೊರಗಂಬ ಬೀಳಿಸಿ, ಬಸಲಿಂಗವ್ವನ ಬುಟ್ಟಿಯಿಂದ ಮಾರು ದೂರದಲ್ಲಿ ನಿಂತಿತು. ಅಡಿಯ ಅಂಡಿಗೆಯಿಂದ ಹೊಗೆ ಎದ್ದಿತು, ಹಿಂದೆಯೇ ಬೆಂಕಿ. ನೀರಿಗೆಂದು ಓಡಿದವರ ಮನೆಯ ಕೊಡಗಳಲ್ಲಿ ನೀರಿರಲಿಲ್ಲ, ಮರಳಿತ್ತು. ಅದನ್ನೇ ತಂದು ಸುರಿದರು. ಬೆಂಕಿ ಉಸಿರುಗಟ್ಟಿ ಸತ್ತಿತು. ಊರು ಇಷ್ಟು ದಿನ ತುಂಬಿಟ್ಟ ಹಿಡಿತ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಜಾರುತ್ತಿದ್ದವರೆಲ್ಲ ಅಲ್ಲಲ್ಲೇ ನಿಂತರು. ಓಟ ಬಿಸಿಯಾಗುತ್ತದೆಂಬ ನಿಯಮ ಹತ್ತಿಗೊಂದು, ಪ್ಯಾಂಟಿಗೊಂದು ಇಲ್ಲ. ಉಳ್ಳಾಗಡ್ಡಿ ಸಾಹೇಬರು ಆ ದಿನದ ಉಳಿದ ಕಾರ್ಯಕ್ರಮವನ್ನೆಲ್ಲ ನಿಂತೇ ನಡೆಸಿಕೊಟ್ಟರು.

ಸಂಜೆ ಮನೆಯಲ್ಲಿ ಬಸಲಿಂಗವ್ವ ಸೊಸೆಯ ಮುಂದೆ ಚಹಾ ಇಟ್ಟಳು. ಹಿಡಿತ ಇನ್ನೂ ಇತ್ತು. ಯಾರೂ ತೆಗೆಯಲು ಹೇಳಿರಲಿಲ್ಲ.

"ಎಂಟ್ ರೊಟ್ಟಿ ಸಲುವಾಗಿ ಬಿಡದಾಕಿ, ಇವತ್ತ ಬಿಟ್ಟಿ ನೋಡು."

"ನಿಮ್ಮ ಸಲುವಾಗಿ ಅಲ್ರಿ ಅತ್ತಿ. ಹತ್ತಿ ಸಲುವಾಗಿ ಬಿಟ್ಟೆ."

"ಹತ್ತಿ ಸುಟ್ಟು ಹೋತಲ್ಲ."

ನೀಲಗಂಗಾ ಚಹಾ ಕುಡಿದಳು.

ವಿಚಾರಣೆ ನಡೆಯಿತು. ರಾಜಧಾನಿಯಿಂದ ಬಂದ ಸಮಿತಿ ಕೂತಿತು, ಸಾಹೇಬರು ನಿಂತಿದ್ದರು. ಯಾರ ಆದೇಶದ ಮೇಲೆ ಹಿಡಿತ ಬಿಟ್ಟಿರೆಂದು ಸಮಿತಿ ನೀಲಗಂಗಾಳನ್ನು ಕೇಳಿತು.

"ಸಾಹೇಬ್ರು ಕೈ ಎತ್ತಿದ್ರು ಸರ್. ಪರದೆಯೊಳಗ ಕಂಡ್ತು."

ಕೊಠಡಿಯವರೆಲ್ಲ ಸಾಹೇಬರ ಕಡೆ ತಿರುಗಿದರು. ಸಾಹೇಬರು ಇಕ್ಕಟ್ಟಿನಲ್ಲಿದ್ದರು. ಅದು ಆದೇಶವಲ್ಲ, ಬೀಳುವವನು ಆಸರೆ ಹುಡುಕಿದ್ದು ಎನ್ನಬೇಕಾದರೆ ತಾವು ಬಿದ್ದದ್ದನ್ನು ಒಪ್ಪಬೇಕು. ಆದರೆ ಮಂಡಳಿ ಪತ್ರಿಕೆಗಳಿಗೆ ಕೊಟ್ಟ ಹೇಳಿಕೆಯಲ್ಲಿ ಯಾರೂ ಬಿದ್ದಿರಲಿಲ್ಲ. ಮುಖ್ಯ ಎಂಜಿನಿಯರು ರಸ್ತೆಯ ಗುಣಮಟ್ಟವನ್ನು ನೆಲಮಟ್ಟದಿಂದ ಖುದ್ದು ಪರಿಶೀಲಿಸಿದರು ಎಂದಿತ್ತು. ಆ ಹೇಳಿಕೆ ಬರೆಸಿದವರು ಅವರೇ.

ಸಾಹೇಬರು ನೀಲಗಂಗಾಳನ್ನು ಒಂದು ಗಳಿಗೆ ನೋಡಿದರು. ಅವಳು ಕಣ್ಣು ತೆಗೆಯಲಿಲ್ಲ.

"ಹೌದು," ಎಂದರು ಸಾಹೇಬರು. "ಸೂಚನೆ ಕೊಟ್ಟವನು ನಾನೇ."

ಮುಖ್ಯ ಎಂಜಿನಿಯರೇ ನಡುರಸ್ತೆಯಲ್ಲಿ ನಿಲ್ಲಿಸಲು ಹೇಳಿದ ಪ್ರಯೋಗವನ್ನು ಮುಂದುವರಿಸುವುದು ಹೇಗೆ? ಸಮಿತಿ ಗೋಪುರವನ್ನು ಕಳಚಿ ಬೇರೆ ಊರಿಗೆ ಕೊಡುವಂತೆ ಶಿಫಾರಸು ಮಾಡಿತು. ಗೋಪುರ ಲಾರಿಗಳಲ್ಲಿ ಹೊರಟಿತು. ಕಚೇರಿಯನ್ನು ಮುಚ್ಚಲು ಮಾತ್ರ ಬೇರೆ ಆದೇಶ ಬೇಕಿತ್ತು, ಅದರ ಕಡತ ಕೂತಲ್ಲೇ ಕೂತಿತು. ಹಾಗಾಗಿ ನೀಲಗಂಗಾ ಈಗಲೂ ದಿನಾ ಹೋಗಿ ಖಾಲಿ ಪರದೆಯ ಮುಂದೆ ಕೂರುತ್ತಾಳೆ. ಜನ ಹೊಲದ ಬದುವಿನ ಜಗಳ ತಂದರೆ ಕಾವಲುಗಾರ ಅವರನ್ನು ತಿರುಗಿಸಿ ಕಳಿಸುವುದಿಲ್ಲ. ಇಬ್ಬರನ್ನೂ ಎದುರು ಬದುರು ಕೂರಿಸಿ ಅವಳು ಕೇಳಿಸಿಕೊಳ್ಳುತ್ತಾಳೆ. ಎಷ್ಟೋ ಜಗಳ ಅಷ್ಟಕ್ಕೇ ಮುಗಿಯುತ್ತದೆ.

ಹಿಡಿತ ಈಗ ತರಿಗಟ್ಟಿಯಲ್ಲಿ ದಿನವಿಡೀ ಇರುತ್ತದೆ. ಸೈಕಲ್ಲುಗಳು ಬ್ರೇಕಿಗೆ ನಿಲ್ಲುತ್ತವೆ, ಬಣವೆಗಳನ್ನು ದನ ತಿಂದಿವೆ, ಧೋತರಗಳು ಹೊರಗೆ ಬಂದಿವೆ. ಚಹಾದ ಕಪ್ಪನ್ನು ಗಿರಾಕಿಯ ಬಳಿಗೆ ಯಾರಾದರೂ ಒಯ್ಯಲೇಬೇಕು ಎಂಬುದಕ್ಕೆ ಹೋಟೆಲಿನವನು ಇನ್ನೂ ಬೇಸರಪಡುತ್ತಾನೆ. ಬಸಲಿಂಗವ್ವ ಬೇಕೆಂದರೆ ಹನ್ನೊಂದಕ್ಕೂ ರೊಟ್ಟಿ ಬಡಿಯಬಹುದು. ಆದರೂ ಆರು ಹೊಡೆಯುವ ಮೊದಲೇ ಒಲೆಯ ಮುಂದೆ ಕೂರುತ್ತಾಳೆ. ಕಡ್ಡಿ ಮೊದಲ ಗೀರಿಗೇ ಹತ್ತುತ್ತದೆ. ಬಾಗಿಲ ಕಡೆ ಮುಖ ಮಾಡಿ, "ಬಂತವ್ವಾ" ಎನ್ನುತ್ತಾಳೆ. ಪಕ್ಕದ ಮನೆಯವರು ಅದನ್ನು ಮುಂದಕ್ಕೆ ದಾಟಿಸುತ್ತಾರೆ.

ಏಳಾಗುತ್ತ ಬಂದಾಗ ಕೊಣಮಿಗೆಯ ಪಕ್ಕದಲ್ಲಿ ಒಂದಷ್ಟು ಹಿಟ್ಟು ಉಳಿದಿರುತ್ತದೆ. ಬಸಲಿಂಗವ್ವ ಕೈ ನಿಲ್ಲಿಸಿ, ಚಪ್ಪಲಿ ಮೆಟ್ಟುತ್ತಿರುವ ಸೊಸೆಯ ಕಡೆ ನೋಡುತ್ತಾಳೆ.

"ಇನ್ನ ಎಂಟ್ ಅದಾವು."

ನೀಲಗಂಗಾ ಗೋಡೆಯ ಗಡಿಯಾರ ನೋಡುತ್ತಾಳೆ.

"ಮುಗಸ್ರಿ ಅತ್ತಿ. ತಡೀತೀನಿ."